ಅರ್ಥ್ ತಂತಿಯ ಪಾಠ

ಆ ವರ್ಷ ನನಗೆ ಒಪ್ಪಿಸಿದ ಕೆಲಸ ಎಂಟು ಮಂದಿ ಕಲ್ಲು ಕೆಲಸಗಾರರಿಗೆ ಕರೆಂಟು ಎಂದರೇನು ಎಂದು ಹೇಳಿಕೊಡುವುದು. ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ನಯಮಾಡುವ ಕಾರ್ಖಾನೆಯೊಂದಿತ್ತು. ಅದರ ಹೆಸರು ಇಲ್ಲಿ ಬೇಡ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷವಾಗಿತ್ತು. ಹೈದರಾಬಾದಿನಲ್ಲಿ ಹೊಸ ಕಟ್ಟಡಗಳು ಏಳುತ್ತಿದ್ದವು, ಫರಸಿಗೆ ಗಿರಾಕಿ ಹೆಚ್ಚಿತ್ತು. ಅಲ್ಲಿಯವರೆಗೆ ಉಳಿ ಸುತ್ತಿಗೆಯಿಂದ ನಡೆಯುತ್ತಿದ್ದ ಕೆಲಸಕ್ಕೆ ಮಾಲೀಕರು ಒಂದು ಡೀಸೆಲ್ ಜನರೇಟರು, ಮೋಟಾರಿನಿಂದ ಓಡುವ ನಾಲ್ಕು ಯಂತ್ರ ತರಿಸಿದರು. ಹೈದರಾಬಾದಿನಲ್ಲಿ ವೈರಿಂಗ್ ಕಲಿತು ಪರವಾನಗಿ ಪಡೆದು ಬಂದಿದ್ದ ನನ್ನನ್ನು ವೈರ್‌ಮನ್ ಎಂದು ತೆಗೆದುಕೊಂಡರು. ನನಗಾಗ ಇಪ್ಪತ್ತನಾಲ್ಕು.

ಮ್ಯಾನೇಜರು ಮೊದಲ ದಿನವೇ ಕರೆದು ಹೇಳಿದರು: “ಯಂತ್ರ ನಡಸೋರು ಈ ಮಂದೀನೇ. ಊಟ ಆದ ಮ್ಯಾಲ ಒಂದು ತಾಸು ಇವರಿಗಿ ಪಾಠ ಹೇಳು. ಎಲ್ಲಾ ಬ್ಯಾಡ. ಎಷ್ಟು ಬೇಕೋ ಅಷ್ಟ ಹೇಳು.”

ಎಷ್ಟು ಬೇಕು ಎಂಬುದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಲಿಸಲು ಕೂತಾಗ ಮೊದಲು ಎದುರಾದದ್ದು ಮಾತಿನ ತೊಡಕು. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ, ಯಂತ್ರದ ಮೇಲಿನ ಫಲಕಗಳು ಇಂಗ್ಲಿಷಿನಲ್ಲಿ. ನನ್ನ ಮುಂದೆ ಕೂತ ಎಂಟು ಮಂದಿಗೆ ಇವೆರಡೂ ಬರುತ್ತಿರಲಿಲ್ಲ. ಅವರಲ್ಲಿ ಆರು ಮಂದಿಗೆ ಅಕ್ಷರವೇ ಬರುತ್ತಿರಲಿಲ್ಲ. ನಯಮಾಡಿದ ಒಂದು ಕಪ್ಪು ಫರಸಿಯನ್ನು ಗೋಡೆಗೆ ಆನಿಸಿ, ಅದರ ಮೇಲೆ ಸುಣ್ಣದ ತುಂಡಿನಿಂದ ಚಿತ್ರ ಬರೆದು ಶುರುಮಾಡಿದೆ.

“ವೋಲ್ಟ್ ಅಂದ್ರ ಹಿಂದಿನಿಂದ ದಬ್ಬೋ ಜೋರು. ಆಂಪಿಯರ್ ಅಂದ್ರ ತಂತಿಯೊಳಗ ಹರಿಯೋದು. ಓಮ್ ಅಂದ್ರ ಹರಿಯೋದಕ್ಕ ಬರೋ ಅಡ್ಡಿ,” ಎಂದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಅವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಾಕಾ ಎನ್ನುತ್ತಿದ್ದರು. ಕಾಗಿಣಾ ಹೊಳೆಯ ದಂಡೆಯ ಮನೆತನ. ಅವರ ಅಪ್ಪ ದೋಣಿ ನಡೆಸುತ್ತಿದ್ದವರು, ಇವರೂ ಪ್ರಾಯದಲ್ಲಿ ಹುಟ್ಟು ಹಾಕಿದವರು. ಆಮೇಲೆ ಹೊಳೆ ಬಿಟ್ಟು ಕಲ್ಲಿನ ಕೆಲಸಕ್ಕೆ ಬಂದಿದ್ದರು.

“ಹಂಗಾದ್ರ ನೀರು ಎಷ್ಟು ಎತ್ತರದಿಂದ ಬರ್ತದ ಅನ್ನೋದು ವೋಲ್ಟು. ಎಷ್ಟು ನೀರು ಬರ್ತದ ಅನ್ನೋದು ಆಂಪಿಯರು. ನಡುವ ಕಲ್ಲು ಅಡ್ಡ ಬಂದ್ರ ಓಮು. ಹೌದಿಲ್ರಿ ಮಾಸ್ತರ?”

“ಹೌದು ಕಾಕಾ. ಆದ್ರ ಒಂದು ಫರಕ ಅದ. ಹೊಳಿ ನೀರು ಮುಂದ ಹೋದ್ರ ಹೋತು. ಕರೆಂಟು ಹಂಗಲ್ಲ, ಹೊಂಟ ಜಾಗಕ್ಕೇ ತಿರುಗಿ ಬರಬೇಕು. ಜನರೇಟರಿನಿಂದ ಹೊಂಟು ಜನರೇಟರಿಗೇ. ತಿರುಗಿ ಬರೋ ದಾರಿ ಇಲ್ಲಂದ್ರ ಅದು ಹೊಂಡಂಗೇ ಇಲ್ಲ.”

ಅವರು ಫರಸಿಯ ಮೇಲಿನ ಗೆರೆಗಳನ್ನು ನೋಡಿದರು. “ಅದಕ್ಕ ಎರಡು ತಂತಿ,” ಎಂದರು. ಉಳಿದವರಿಗೆ ಎರಡು ತಂತಿ ಯಾಕೆ ಬೇಕು ಎಂದು ತಿಳಿಸಲು ನನಗೆ ನಾಲ್ಕು ದಿನ ಹಿಡಿಯಿತು.

ಫ್ಯೂಸಿನ ಪಾಠವನ್ನು ಬಾಯಿಂದ ಹೇಳುವ ಬದಲು ಮಾಡಿ ತೋರಿಸಿದೆ. ಹಲಗೆಯ ಮೇಲೆ ಎಳೆ ತಂತಿ ಕಟ್ಟಿ, ಎರಡೂ ಕಡೆಯ ತುದಿಗಳನ್ನು ಬೇಕೆಂದೇ ಕೂಡಿಸಿದೆ. ಫಟ್ಟೆಂದು ಸದ್ದಾಗಿ ಎಳೆ ಕರಗಿಹೋಯಿತು. ಎಲ್ಲರೂ ಬೆದರಿ ಹಿಂದೆ ಸರಿದರು. ಹೆಚ್ಚು ಹರಿದರೆ ಈ ಎಳೆ ಮೊದಲು ಕರಗಿ ದಾರಿ ಕಡಿಯುತ್ತದೆ, ಉಳಿದ ತಂತಿ ಉಳಿಯುತ್ತದೆ ಎಂದು ವಿವರಿಸಿದೆ.

ಕೊನೆಗೆ ಬಂದದ್ದು ಅರ್ಥ್. ಯಂತ್ರದ ಕಬ್ಬಿಣದ ಮೈಯಿಂದ ಒಂದು ತಂತಿ ಇಳಿಸಿ, ನೆಲದಲ್ಲಿ ಹೂತ ತಾಮ್ರದ ತಗಡಿಗೆ ಜೋಡಿಸುವುದು. ಮೋಟಾರಿನೊಳಗೆ ತಂತಿಯ ಹೊದಿಕೆ ಹರಿದು ಕರೆಂಟು ಯಂತ್ರದ ಮೈಗೆ ಇಳಿದರೆ, ಅದು ಮುಟ್ಟಿದವನ ದೇಹದಿಂದ ಹೋಗದೆ ಆ ತಂತಿಯಿಂದ ನೆಲಕ್ಕೆ ಹೋಗಬೇಕು. ನೆಲದಿಂದ ಜನರೇಟರಿನ ಬಳಿಯ ಇನ್ನೊಂದು ತಗಡಿಗೆ ಸೇರಬೇಕು. ಹರಿವು ಒಮ್ಮೆಲೆ ಹೆಚ್ಚಾಗಿ ಫ್ಯೂಸು ಹೋಗಬೇಕು. ಇಷ್ಟೆಲ್ಲವನ್ನು ಹೊಸಬರಿಗೆ ಹೇಳಿದರೆ ತಲೆ ಕೆಡುತ್ತದೆ ಎಂದುಕೊಂಡು ನಾನು ಅದನ್ನು ಒಂದೇ ಮಾತಿಗೆ ಇಳಿಸಿದೆ.

“ಅರ್ಥ್ ತಂತಿ ಹಾಕಿದ ಯಂತ್ರ ಮುಟ್ಟಿದ್ರ ಏನೂ ಆಗಂಗಿಲ್ಲ.”

ಆ ಮಂದಿ ಯಂತ್ರಕ್ಕೆ ಹೆದರುತ್ತಿದ್ದರು. ಹೆದರಿದವರ ಕೈ ನಡುಗುತ್ತದೆ, ಗರಗಸದ ಮುಂದೆ ನಡುಗುವ ಕೈ ಒಳ್ಳೆಯದಲ್ಲ. ಆದ್ದರಿಂದ ಓಡುತ್ತಿದ್ದ ಯಂತ್ರದ ಮೇಲೆ ಒಬ್ಬೊಬ್ಬರಿಂದಲೂ ಅಂಗೈ ಇಡಿಸಿದೆ. ಮೊದಲು ಇಟ್ಟವರು ಕಾಕಾ.

ಅರ್ಥಿನ ಹೊಂಡ ತೋಡುವಾಗಲೇ ಕೆಲಸ ಕೆಟ್ಟಿತ್ತು. ಆಳು ಮುಳುಗುವಷ್ಟು ಆಳ ತೋಡಿ, ತಗಡು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಬೇಕು. ನಮ್ಮ ಕಡೆಯ ನೆಲ ಯಾರಿಗೆ ಗೊತ್ತಿಲ್ಲ? ಸೊಂಟದ ಆಳಕ್ಕೆ ಹಾಸುಗಲ್ಲು ಬಂತು. ಬೇರೆ ಕಡೆ ತೋಡೋಣ ಎಂದೆ. ಮ್ಯಾನೇಜರು ಬಂದು ಬಗ್ಗಿ ನೋಡಿ, “ಸಾಕು ಬಿಡು, ಇಲ್ಲೇ ಹೂಳು,” ಎಂದರು. ಅದು ಮಳೆಗಾಲ. ನೂರು ವಾಟಿನ ಬಲ್ಬನ್ನು ಕರೆಂಟಿನ ತಂತಿಗೂ ಅರ್ಥ್ ತಂತಿಗೂ ನಡುವೆ ಹಿಡಿದೆ. ಪೂರ್ತಿ ಉರಿಯಿತು. ಅರ್ಥ್ ಸರಿ ಇದೆ ಎಂದು ತಪಾಸಣೆ ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ.

ಆ ಪರೀಕ್ಷೆ ಎಷ್ಟು ಅರೆಬರೆಯದೆಂದು ಆಗ ನನಗೆ ತಿಳಿದಿರಲಿಲ್ಲ. ನೂರು ವಾಟಿನ ಬಲ್ಬಿಗೆ ಅರ್ಧ ಆಂಪಿಯರೂ ಬೇಡ. ಅದು ಮಂದವಾಗಿ ಉರಿದರೆ ಅರ್ಥ್ ಕೆಟ್ಟಿದೆ ಎಂದು ಖಂಡಿತವಾಗಿ ಹೇಳಬಹುದು. ಪೂರ್ತಿ ಉರಿದರೆ ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ.

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರಿದ ಮೇಲೆ ಒಂದು ದಿನ ಮತ್ತೆ ಬಲ್ಬು ಹಿಡಿದು ನೋಡಿದೆ. ಒಳಗಿನ ಎಳೆ ಮಾತ್ರ ಕೆಂಪಗಾಯಿತು. ಬೆಳಕೇ ಇಲ್ಲ. ಜೋಡಣೆ ಬಿಚ್ಚಿ ಉಜ್ಜಿ ಮತ್ತೆ ಬಿಗಿದೆ. ಅಷ್ಟೇ ಕೆಂಪು. ಹೊಂಡಕ್ಕೆ ನಾಲ್ಕು ಕೊಡ ನೀರು ಹಾಕಿಸಿದೆ. ಹೊಂಡ ಹಸಿಯಾಯಿತು, ಅದರ ಕೆಳಗಿನ ಹಾಸುಗಲ್ಲು ಆಗಲಿಲ್ಲ. ಬಲ್ಬು ಒಂದಿಷ್ಟು ಹಳದಿಗೆ ತಿರುಗಿ ಮರುದಿನ ಮತ್ತೆ ಕೆಂಪಾಯಿತು.

ಕೂತು ಲೆಕ್ಕ ಹಾಕಿದೆ. ಯಂತ್ರದ ಮೈಗೆ ಇಳಿಯುವುದು ಇನ್ನೂರ ಮೂವತ್ತು ವೋಲ್ಟು. ನೆಲದ ಅಡ್ಡಿ ಐನೂರು ಓಮ್ ಎಂದಿಟ್ಟುಕೊಂಡರೆ ಹರಿಯುವುದು ಅರ್ಧ ಆಂಪಿಯರಿಗೂ ಕಡಿಮೆ. ಮೋಟಾರಿನ ಫ್ಯೂಸು ಮೂವತ್ತು ಆಂಪಿಯರಿನದು. ಅರ್ಧ ಆಂಪಿಯರು ಹರಿದರೆ ಅದಕ್ಕೆ ತಿಳಿಯುವುದೂ ಇಲ್ಲ. ಯಂತ್ರದ ಮೈ ಕರೆಂಟು ಹೊತ್ತುಕೊಂಡೇ ಓಡುತ್ತಿರುತ್ತದೆ. ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತನೆಯ ಪಾಲು ಸಾಕು.

ಮ್ಯಾನೇಜರ ಬಳಿ ಹೋದೆ.

“ಯಂತ್ರದಿಂದ ಜನರೇಟರ್ ಮನಿತನಕ ಒಂದು ದಪ್ಪ ತಾಮ್ರದ ತಂತಿ ಎಳೀಬೇಕ್ರಿ. ನೆಲದ ಮ್ಯಾಲ ಭರೋಸ ಬ್ಯಾಡ. ತಂತೀನೇ ತಿರುಗಿ ಬರೋ ದಾರಿ ಆದ್ರ ನೆಲ ಒಣಗಿದ್ರೇನು, ಹಸಿ ಇದ್ರೇನು, ಫ್ಯೂಸು ಹೋಗ್ತದ. ಅಲ್ಲಿತನಕ ಯಂತ್ರ ಬಂದ್ ಇಡಮು.”

“ಬಂದ್? ಹೈದರಾಬಾದಿಗಿ ಮಾಲು ಹೋಗೋದದ. ಎಂಟು ದಿವಸ ತಡಿ. ನೋಡಮು.”

“ಹಂಗಾದ್ರ ಬರದು ಕೊಡ್ತೀನ್ರಿ.”

“ಬರಿಯೋದೇನದ? ಬಾಯಿಂದ ಹೇಳಿದಿಲ್ಲ, ನಾ ಕೇಳೀನಿ. ಮತ್ತ ಆ ಮಂದಿ ಮುಂದ ಇದರ ಸುದ್ದಿ ತೆಗೀಬ್ಯಾಡ. ಮದಲೇ ಅಂಜ್ತಾರ. ಒಬ್ಬ ಬಿಟ್ಟು ಹೋದ್ರ ಎಂಟೂ ಮಂದಿ ಹೋಗ್ತಾರ.”

ನಾನು ಬರೆದು ಕೊಡಲಿಲ್ಲ. ದಿನಾ ಬೆಳಿಗ್ಗೆ ಹೊಂಡಕ್ಕೆ ನೀರು ಹಾಕಿಸಿದೆ. ಎಂಟು ದಿನ ಹದಿನೈದಾಯಿತು. ಮಧ್ಯಾಹ್ನದ ಪಾಠವೂ ನಡೆದಿತ್ತು.

ಅದೇ ದಿನಗಳಲ್ಲಿ ಒಮ್ಮೆ, ಪಾಠ ಮುಗಿದು ಎಲ್ಲರೂ ಎದ್ದ ಮೇಲೆ, ಕಾಕಾ ನನ್ನ ಹತ್ತಿರ ಬಂದು ನಿಂತರು. ಹೊಂಡಕ್ಕೆ ಕೊಡ ಹೊರುವುದನ್ನು ಅವರು ನೋಡಿದ್ದರು.

“ಮಾಸ್ತರ, ಒಂದು ಮಾತು ಕೇಳ್ತೀನಿ. ಕರೆಂಟಿಗಿ ತಿರುಗಿ ಬರೋ ದಾರಿ ಬೇಕು ಅಂದ್ರಿ. ಅರ್ಥಿನ ದಾರಿ ನೆಲದಾಗಿಂದ ಅದ. ನೆಲ ಒಣಗಿದ್ರ ಆ ದಾರಿ ಮುಚ್ಚಂಗಿಲ್ಲೇನ್ರಿ?”

ಏಳು ತಿಂಗಳ ಪಾಠದಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾಸ್ತರನಾದವನು ಆ ಹೊತ್ತಿನಲ್ಲಿ ಹಿಗ್ಗಬೇಕು. ನಾನು ಸುಣ್ಣದ ತುಂಡು ಕಿಸೆಗೆ ಹಾಕಿ ಫರಸಿ ಒರೆಸತೊಡಗಿದೆ.

“ನೀರು ಹಾಕ್ಲಿಕತ್ತೀವಲ್ಲ ಕಾಕಾ. ನೀವು ಚಿಂತಿ ಮಾಡಬ್ಯಾಡ್ರಿ,” ಎಂದೆ.

“ಆಯ್ತು ತಗೋರಿ. ನೀವು ಅಂದ ಮ್ಯಾಲ ಆಯ್ತು,” ಎಂದು ಅವರು ಯಂತ್ರದ ಕಡೆ ಹೋದರು.

ಅದಾಗಿ ಐದನೆಯ ದಿನ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ, ನಾನು ಜನರೇಟರ್ ಮನೆಯಲ್ಲಿದ್ದೆ. ಕಲ್ಲು ಕೊಯ್ಯುವ ಯಂತ್ರದ ಕಡೆಯಿಂದ ಕೂಗು ಕೇಳಿತು. ಸ್ವಿಚ್ಚು, ಸ್ವಿಚ್ಚು ಎನ್ನುತ್ತಿದ್ದರು. ಕೈಗೆ ಎಟಕುವಂತೆ ಇದ್ದ ದೊಡ್ಡ ಸ್ವಿಚ್ಚನ್ನು ಕೆಳಗೆಳೆದು ಓಡಿದೆ. ಕಾಕಾ ಯಂತ್ರದ ಬುಡದಲ್ಲಿ ಬಿದ್ದಿದ್ದರು. ಕಲ್ಲಿನ ಮೇಲೆ ನೀರು ಬಿಡುವ ನಳಿಗೆ ಸರಿಪಡಿಸಲು ಒಂದು ಕೈಯಿಂದ ಯಂತ್ರದ ಹಿಡಿಕೆ ಹಿಡಿದಿದ್ದರಂತೆ. ಕೈ ಒದ್ದೆ, ಪಾದದವರೆಗೆ ಕಲ್ಲಿನ ಕೆಸರು. ಆ ಕೆಸರು ನೀರಿನ ಕಾಲುವೆ ಜನರೇಟರ್ ಮನೆಯ ಮುಂದೆ, ಅಲ್ಲಿ ಹೂತ ತಗಡಿನ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಅರ್ಥಿನ ಒಣ ಹೊಂಡಕ್ಕಿಂತ ಅವರ ಒದ್ದೆ ದೇಹವೇ ಕರೆಂಟಿಗೆ ಸುಲಭವಾದ ದಾರಿಯಾಗಿತ್ತು.

ಕಲಿತಂತೆ ಬೋರಲು ಮಲಗಿಸಿ, ಬೆನ್ನ ಮೇಲೆ ಎರಡೂ ಅಂಗೈ ಊರಿ, ಒತ್ತಿ ಬಿಡುತ್ತ ಉಸಿರು ತರಿಸಲು ನೋಡಿದೆ. ಶಹಾಬಾದಿನಿಂದ ಡಾಕ್ಟರು ಬರುವವರೆಗೆ ಬಿಡಲಿಲ್ಲ. ಡಾಕ್ಟರು ಮಣಿಕಟ್ಟು ಹಿಡಿದು ನೋಡಿ, ನನ್ನ ಭುಜ ಮುಟ್ಟಿ, “ಏಳ್ರಿ,” ಎಂದರು.

ಎದ್ದವನು ನೇರ ಹೋಗಿ ಆ ಮೋಟಾರಿನ ಫ್ಯೂಸು ಕಿತ್ತು ನೋಡಿದೆ. ಎಳೆ ಹಾಗೆಯೇ ಇತ್ತು. ಕಪ್ಪು ಕೂಡ ಆಗಿರಲಿಲ್ಲ. ಮೋಟಾರಿನ ಮುಚ್ಚಳ ಬಿಚ್ಚಿದೆ. ಅದುರಿ ಅದುರಿ ಒಂದು ತಂತಿಯ ಹೊದಿಕೆ ಕಬ್ಬಿಣದ ಅಂಚಿಗೆ ತೇದು, ಉಗುರಿನಷ್ಟು ತಾಮ್ರ ಹೊರಗೆ ಕಾಣುತ್ತಿತ್ತು.

ಮೂರನೆಯ ದಿನ ಮ್ಯಾನೇಜರು ಗೋದಾಮಿನ ಬೀಗ ತೆಗೆಸಿದರು. ಹಳೆಯ ಬೆಲ್ಟುಗಳ ಹಿಂದಿನಿಂದ ದಪ್ಪ ತಾಮ್ರದ ತಂತಿಯ ಒಂದು ಸುರುಳಿ ಹೊರಬಂತು. ಅದು ಅಲ್ಲಿ ಎಷ್ಟು ದಿನದಿಂದ ಇತ್ತೋ ನನಗೆ ತಿಳಿಯದು. “ಇವತ್ತೇ ಎಳೀರಿ,” ಎಂದರು. ಉಳಿದ ಏಳು ಮಂದಿ ಸುರುಳಿ ಬಿಚ್ಚಿ ಎಳೆದರು. ಎರಡೂ ತುದಿಗಳನ್ನು ನಾನೇ ಬಿಗಿದೆ. ಬಲ್ಬು ಹಿಡಿದರೆ ಕಣ್ಣು ಕುಕ್ಕುವಂತೆ ಉರಿಯಿತು. ಬೆಳಿಗ್ಗೆ ಶುರುಮಾಡಿದ ಕೆಲಸ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು.

ಮರುದಿನ ಹೈದರಾಬಾದಿನಿಂದ ವಿದ್ಯುತ್ ಇನ್ಸ್‌ಪೆಕ್ಟರು ಬರುವವರಿದ್ದರು. ಮ್ಯಾನೇಜರು ನನ್ನನ್ನು ಒಳಗೆ ಕರೆದು ಒಂದು ಕಾಗದ ಮುಂದಿಟ್ಟರು. ಗುಮಾಸ್ತರು ಚೆನ್ನಾದ ಅಕ್ಷರದಲ್ಲಿ ಬರೆದಿದ್ದರು. ಸತ್ತ ಕೆಲಸಗಾರನಿಗೆ ಏಳು ತಿಂಗಳು ವಿದ್ಯುತ್ತಿನ ಪಾಠ ಹೇಳಲಾಗಿತ್ತು. ಒದ್ದೆ ಕೈಯಿಂದ ಯಂತ್ರ ಮುಟ್ಟಬಾರದೆಂದು ತಿಳಿಸಲಾಗಿತ್ತು. ಅವನು ಅದನ್ನು ಮೀರಿ ನಡೆದ. ಜೊತೆಗೆ ಪಾಠಕ್ಕೆಂದು ನಾನೇ ಇಟ್ಟಿದ್ದ ಹಾಜರಿ ಪುಸ್ತಕ. ದಿನದಿನವೂ ಕಾಕಾ ಒತ್ತಿದ ಹೆಬ್ಬೆಟ್ಟಿನ ಗುರುತುಗಳು ಅದರಲ್ಲಿದ್ದವು. ಪಾಠಕ್ಕೆ ಒಂದು ದಿನವೂ ತಪ್ಪಿಸಿಕೊಳ್ಳದವರು ಅವರೊಬ್ಬರೇ.

“ಇದಕ್ಕ ಸಹಿ ಮಾಡು. ನಿಂಗೂ ಛಲೋ, ನಂಗೂ ಛಲೋ,” ಎಂದರು.

“ಹಿಂಗ ಬರದ್ರ ಅವರ ಮನಿಯವರ ಗತಿ ಏನ್ರಿ?”

“ಅವನ ತಪ್ಪಿನಿಂದ ಆಗ್ಯದಂದ್ರ ಪರಿಹಾರದ ಮಾತಿಲ್ಲ. ಆದ್ರ ಮಾಲೀಕರು ಧರ್ಮವಂತರು, ಏನರೆ ಕೊಡ್ತಾರ. ನೀ ನಿನ್ನ ಪರವಾನಗಿ ನೋಡ್ಕೋ.”

ನಾಳೆ ಮಾಡುತ್ತೇನೆ ಎಂದು ಹೊರಗೆ ಬಂದೆ. ಒದ್ದೆ ಕೈಯಿಂದ ಮುಟ್ಟಬಾರದೆಂದು ನಾನು ಹೇಳಿದ್ದು ಸ್ವಿಚ್ಚಿನ ಬಗ್ಗೆ. ಯಂತ್ರದ ಮೈಯನ್ನು ಮುಟ್ಟಿರಿ ಎಂದು ಅವರ ಅಂಗೈ ಹಿಡಿದು ಇಡಿಸಿದವನು ನಾನೇ. ಆ ದಿನ ಇಡೀ ನನಗೆ ಬೇರೇನೂ ಹೊಳೆಯಲಿಲ್ಲ.

ಇನ್ಸ್‌ಪೆಕ್ಟರು ಹೇಳಿದ ಹೊತ್ತಿಗೆ ಬಂದರು. ವಯಸ್ಸಾದವರು, ಕಡಿಮೆ ಮಾತಿನವರು. ಮಾತೆಲ್ಲ ಉರ್ದುವಿನಲ್ಲಿ ನಡೆಯಿತು. ಅರ್ಥ್ ಪರೀಕ್ಷೆ ಮಾಡಿದರು. ಯಾವ ಕುಂದೂ ಇರಲಿಲ್ಲ. ತಾಮ್ರದ ತಂತಿ ತೋರಿಸಿ ಇದನ್ನು ಎಳೆದದ್ದು ಯಾವಾಗ ಎಂದು ಕೇಳಿದರು.

“ಯಂತ್ರ ಕೂಡಿಸಿದಾಗಲೇ,” ಎಂದರು ಮ್ಯಾನೇಜರು.

ಇನ್ಸ್‌ಪೆಕ್ಟರು ಏಳು ಮಂದಿಯ ಕಡೆ ತಿರುಗಿದರು. ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಆರು ಮಂದಿ ನೆಲ ನೋಡಿದರು. ಒಬ್ಬ ಮಾತ್ರ, “ಮದಲಿಂದೇ ಅದರಿ,” ಎಂದ. ಅವನಿಗೆ ಮನೆಯಲ್ಲಿ ಆರು ಮಂದಿ. ಅವನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ನಾನು ಆ ಮಾತನ್ನು ಉರ್ದುವಿಗೆ ತಿರುಗಿಸಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಸುಮ್ಮನಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು.

“ಅವನು ಹೇಳಿದ್ದು ಅದು. ಇನ್ನು ನನ್ನ ಮಾತು,” ಎಂದೆ. “ಈ ತಂತಿ ಎಳೆದದ್ದು ನಿನ್ನೆ. ಜೋಡಿಸಿದವನು ನಾನು. ಈ ಕಾರ್ಖಾನೆಯಲ್ಲಿ ಎಂಟು ದಿನ ಬಿಟ್ಟರೆ ಎಲ್ಲದರ ಮೇಲೂ ಬೆರಳು ದಪ್ಪ ಕಲ್ಲಿನ ಹಿಟ್ಟು ಕೂರುತ್ತದೆ. ಕೈಯಾಡಿಸಿ ನೋಡಿ.”

ಅವರು ಬಗ್ಗಿ ತಂತಿಯ ಮೇಲೆ ಬೆರಳಾಡಿಸಿದರು. ಆಮೇಲೆ ಇನ್ನೊಂದು ಬೆರಳನ್ನು ಪಕ್ಕದ ಗೋಡೆಯ ಮೇಲಿನ ಹಳೆಯ ಕೊಳವೆಯ ಮೇಲೆ ಆಡಿಸಿದರು. ಎರಡೂ ಬೆರಳನ್ನು ನೋಡಿಕೊಂಡು ಕರವಸ್ತ್ರ ತೆಗೆದರು.

“ಹಳೆಯ ಅರ್ಥ್ ಕೆಟ್ಟಿದ್ದು ನಿಮಗೆ ಗೊತ್ತಿತ್ತೇ?”

“ಗೊತ್ತಿತ್ತು. ಹತ್ತಿರ ಹತ್ತಿರ ಮೂರು ವಾರದಿಂದ.”

“ಸತ್ತವನಿಗೆ ಗೊತ್ತಿತ್ತೇ?”

“ಅವರಿಗೆ ಸಂಶಯ ಬಂದಿತ್ತು. ನನ್ನನ್ನು ಕೇಳಿದರು. ಚಿಂತೆ ಇಲ್ಲ ಎಂದು ನಾನು ಹೇಳಿದೆ. ಯಂತ್ರ ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಕಲಿಸಿದವನೂ ನಾನೇ.”

“ಮ್ಯಾನೇಜರಿಗೆ ತಿಳಿಸಿದ್ದಿರಾ?”

“ತಿಳಿಸಿದ್ದೆ. ಯಂತ್ರ ನಿಲ್ಲಿಸಬೇಕು ಎಂದಿದ್ದೆ.”

ಮ್ಯಾನೇಜರು ಧ್ವನಿ ಎತ್ತಲಿಲ್ಲ. “ಬರವಣಿಗೆಯಲ್ಲಿ ಇದೆಯೇ?” ಎಂದು ಮಾತ್ರ ಕೇಳಿದರು.

ಇರಲಿಲ್ಲ. ತಪಾಸಣೆ ಪುಸ್ತಕದಲ್ಲಿ ಇದ್ದದ್ದು ಮಳೆಗಾಲದಲ್ಲಿ ನಾನು ಬರೆದ ಒಂದೇ ಸಾಲು: ಅರ್ಥ್ ಸರಿ ಇದೆ. ಕೆಳಗೆ ನನ್ನ ಸಹಿ.

ಇನ್ಸ್‌ಪೆಕ್ಟರು ನನ್ನ ಹೇಳಿಕೆಯನ್ನು ತಾವೇ ಬರೆದುಕೊಂಡು, ಓದಿ ಹೇಳಿ, ಸಹಿ ಮಾಡಿಸಿದರು. ಗುಮಾಸ್ತರ ಕಾಗದ ಹಾಗೆಯೇ ಮೇಜಿನ ಮೇಲೆ ಉಳಿಯಿತು. ಹೊರಡುವ ಮುನ್ನ ಅವರು ನನ್ನೊಡನೆ ಮೋಟಾರಿನವರೆಗೆ ನಡೆದು ಬಂದು, ಮೆಲ್ಲಗೆ, “ಫ್ಯೂಸು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ,” ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂರು ವಾರದಲ್ಲಿ ಯಾವ ಬೆಳಿಗ್ಗೆಯಾದರೂ ನಾನು ಮಾಡಬಹುದಾಗಿದ್ದ ಕೆಲಸ ಅದು.

ಅಂದೇ ಸಂಜೆ ನನ್ನನ್ನು ಕೆಲಸದಿಂದ ತೆಗೆದರು. ನನ್ನ ಜಾಗಕ್ಕೆ, ತಂತಿ ಮೊದಲಿನಿಂದಲೇ ಇದೆ ಎಂದವನನ್ನು ಹಾಕಿದರು. ಅವನಿಗೆ ಪರವಾನಗಿ ಇರಲಿಲ್ಲ. ನಾನು ಕಲಿಸಿದ್ದಷ್ಟೇ ಗೊತ್ತಿತ್ತು.

ವರದಿ ಬರಲು ಮಳೆಗಾಲವೇ ಬಂತು. ಚಿತ್ತಾಪುರದ ತಾಲೂಕು ಕಚೇರಿಗೆ ಕರೆಸಿ ನನಗೊಂದು ನಕಲು, ಕಾಕಾ ಅವರ ಮನೆಗೆಂದು ಒಂದು ನಕಲು ಕೊಟ್ಟರು. ಅವರ ಮನೆಯಿಂದ ಯಾರೂ ಬಂದಿರಲಿಲ್ಲವಾದ್ದರಿಂದ ಮುಟ್ಟಿಸುವ ಕೆಲಸ ನಾನು ವಹಿಸಿಕೊಂಡೆ. ಯಂತ್ರದ ದೋಷ ಮತ್ತು ಕೆಟ್ಟ ಅರ್ಥಿನಿಂದ ಸಾವು ಸಂಭವಿಸಿದೆ. ಸತ್ತವನ ತಪ್ಪು ಕಾಣುವುದಿಲ್ಲ. ಜವಾಬ್ದಾರನಾದ ವೈರ್‌ಮನ್ ತಿಳಿದೂ ಯಂತ್ರ ನಿಲ್ಲಿಸಲಿಲ್ಲ, ಅವನ ಪರವಾನಗಿ ರದ್ದು ಮಾಡಲಾಗಿದೆ. ಮ್ಯಾನೇಜರ ಬಗ್ಗೆ ಬರೆದದ್ದು ಒಂದೇ ಮಾತು: ಅವರಿಗೆ ತಿಳಿಸಲಾಗಿತ್ತು ಎಂಬುದಕ್ಕೆ ಆಧಾರವಿಲ್ಲ.

ಹೊಳೆಯ ದಂಡೆಯ ಆ ಮನೆಗೆ ನಾನು ಹಿಂದೆ ಎರಡು ಸಲ ಹೋಗಿದ್ದೆ, ಕಾಕಾ ಕರೆದುಕೊಂಡು ಹೋಗಿದ್ದರು. ಅವರ ಹೆಂಡತಿ ಜೋಳ ಹಸನು ಮಾಡುತ್ತ ಹೊಸ್ತಿಲ ಒಳಗೆ ಕೂತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದು ನಿಂತರು. ಕಾಗದ ಕೊಟ್ಟೆ. ಅವರು ತಿರುವಿ ನೋಡಿ ನನ್ನ ಕೈಗೇ ವಾಪಸು ಕೊಟ್ಟರು.

“ನೀವೇ ಓದ್ರಿ.”

ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ.

“ಅವರ ತಪ್ಪಿಲ್ಲ ಅಂತ ಅದಲ್ಲ?”

“ಅದ ಯವ್ವಾ. ಪರಿಹಾರಕ್ಕ ಇದು ಸಾಕು. ಚಿತ್ತಾಪುರದಾಗ ಅರ್ಜಿ ಬರದು ಕೊಡೋರು ಅದಾರ, ನಾನೂ ಬರ್ತೀನಿ.”

“ತಪ್ಪು ಯಾರದಂತ ಅದ?”

“ನಂದು.”

“ನಿಮ್ದೊಬ್ಬರದೇ?”

“ನನ್ನೊಬ್ಬಂದೇ.”

ಅವರು ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಡಿಚಿದರು.

“ಹಂಗಾದ್ರ ಇದು ಅರ್ಧ ಖರೇ ಅದ,” ಎಂದರು. “ಇರ್ಲಿ. ಅರ್ಜಿಗಿ ನಮ್ಮ ಅಣ್ಣ ಬರ್ತಾನ, ನೀವು ಬ್ಯಾಡ. ನೀವು ಇಷ್ಟು ದೂರ ಬಂದೀರಿ ಖರೇ. ಆದ್ರ ನಿಮಗ ಕುಂದ್ರಿ ಅನ್ಲಿಕ್ಕಿ ನನಗ ಆಗಂಗಿಲ್ರಿ.”

ಒಳಗೆ ಹೋಗಿ ಮತ್ತೆ ಮೊರ ಎತ್ತಿಕೊಂಡರು. ನಾನು ಶಹಾಬಾದ್ ಸ್ಟೇಷನ್ನಿನ ದಾರಿ ಹಿಡಿದೆ.